ಸಂಡೂರಿನ ಅದಿರಿಗೂ ಸಮುದ್ರದ ಚಿಪ್ಪಿಗೂ ನಂಟಿದೆ

ಪ್ರಿಯ ಮೇಷ್ಟ್ರೇ, ನಮಸ್ಕಾರ.

ಹೊರದೇಶದಿಂದ ಬಂದು ನಮ್ಮ ಸಮುದ್ರದಲ್ಲಿ ನೆಲೆಯೂರುವ ಜೀವಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಲೇಖನ ಹಾಕಿದ್ದೆವು. ‘ಸಂಡೂರಿನವರಿಗೆ ಈ ಚಿಪ್ಪಿನ ಪುರಾಣ ಯಾಕೆ? ಆ ಪುಟ ತೆಗೆದು ತುಂಗಭದ್ರೆ ಬಗ್ಗೆ ಬರೆಯಿರಿ’ ಎಂದಿದ್ದೀರಿ. ಕೇಳಬೇಕಾದ ಪ್ರಶ್ನೆಯೇ. ಆದರೆ ನಿಮ್ಮೂರಿಗೂ ಸಮುದ್ರಕ್ಕೂ ಅದಿರಿನ ನಂಟಿದೆ.

ರಫ್ತು ಜೋರಾಗಿದ್ದಾಗ ನಮ್ಮ ಗುಡ್ಡಗಳ ಅದಿರು ಬೇಲೆಕೇರಿ, ಮಂಗಳೂರು, ಕೃಷ್ಣಪಟ್ಟಣಕ್ಕೆ ಹೋಯಿತು. ಅದನ್ನು ಒಯ್ಯುವ ಹಡಗು ಖಾಲಿ ಬರುತ್ತದೆ. ಖಾಲಿ ಹಡಗು ಅಲೆಯಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ಹಾಗಾಗಿ ಸರಕು ಇಳಿಸಿದ ಬಂದರಿನಲ್ಲೇ ಟ್ಯಾಂಕುಗಳಿಗೆ ಸಾವಿರಾರು ಟನ್ ಸಮುದ್ರದ ನೀರು ತುಂಬಿಕೊಳ್ಳುತ್ತದೆ. ಇದೇ ಬ್ಯಾಲಾಸ್ಟ್ ನೀರು. ಇಲ್ಲಿ ಅದಿರು ಏರಿದಂತೆಲ್ಲ ಆ ನೀರನ್ನು ಹೊರಗೆ ಬಿಡುತ್ತಾರೆ. ಅದರ ಜೊತೆ ಏಡಿಮರಿ, ಚಿಪ್ಪಿನ ಮರಿ, ಪಾಚಿ ಎಲ್ಲವೂ ಬರುತ್ತವೆ. ಹಡಗಿನ ತಳಕ್ಕೆ ಅಂಟಿಕೊಂಡು ಬರುವವು ಬೇರೆ.

ಸುಮ್ನೆ ಹೆದರಿಸುತ್ತಿಲ್ಲ. ಕೆರಿಬಿಯನ್ ಕಡೆಯ ಕಪ್ಪು ಪಟ್ಟೆ ಮಸ್ಸೆಲ್ 1960ರ ದಶಕದಲ್ಲೇ ವಿಶಾಖಪಟ್ಟಣಕ್ಕೆ ಬಂದು ನೆಲೆಯೂರಿತು. ಹೆಬ್ಬೆರಳಿನ ಉಗುರಿನಷ್ಟು ಚಿಪ್ಪಿನ ಜೀವಿ ಅದು. ಕಂಬ, ಹಗ್ಗ, ದೋಣಿ, ಎಲ್ಲಕ್ಕೂ ಗೊಂಚಲು ಗೊಂಚಲಾಗಿ ಅಂಟುತ್ತದೆ.

ಅದೇ ಜೀವಿ 1999ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಸಿಕ್ಕಿತು. ಅದಕ್ಕೂ ಸುಮಾರು ಆರು ತಿಂಗಳ ಮುಂಚೆ ನೋಡಿದಾಗ ಒಂದೂ ಇರಲಿಲ್ಲ. ಅಲ್ಲಿನ ದೋಣಿ ತಂಗುದಾಣಗಳಿಗೆ ಗೇಟ್ ಇದ್ದವು. ಗೇಟ್ ಮುಚ್ಚಿ ಕ್ಲೋರಿನ್, ಮೈಲುತುತ್ತ ಸುರಿದರು. ಕುಷ್ಟಗಿಯ ದಾಳಿಂಬೆ ಬೆಳೆಗಾರರು ಬೋರ್ಡೋ ದ್ರಾವಣಕ್ಕೆ ಬೆರೆಸುತ್ತಾರಲ್ಲ, ಅದೇ ಮೈಲುತುತ್ತ. ಒಳಗಿದ್ದ ಬೇರೆ ಜೀವಿಗಳೂ ಸತ್ತವು, ಅದು ದುಃಖದ ಸಂಗತಿಯೇ. ಆದರೆ ಕೆಲವೇ ವಾರಗಳಲ್ಲಿ ಮಸ್ಸೆಲ್ ನಿರ್ನಾಮವಾಯಿತು. ಬೇಗ ಕಣ್ಣಿಗೆ ಬಿದ್ದದ್ದರಿಂದ ಮಾತ್ರ ಇದು ಸಾಧ್ಯವಾಯಿತು. ತಡವಾದರೆ ಏನಾಗುತ್ತದೆ ಎಂದು ಬಳ್ಳಾರಿ ಜಾಲಿ ಕಿತ್ತು ಸಾಕಾದ ನಮ್ಮ ರೈತರಿಗೆ ಹೇಳಬೇಕಾಗಿಲ್ಲ. ಸಮುದ್ರದ ತಳಕ್ಕೆ ಜೆಸಿಬಿಯೂ ಇಳಿಯುವುದಿಲ್ಲ.

ಅದಕ್ಕೇ ಸಂಶೋಧಕರು ಬಂದರಿನ ನೀರಿನಲ್ಲಿ ಸಣ್ಣ ಹಲಗೆಗಳನ್ನು ಇಳಿಬಿಡುತ್ತಾರೆ. ಆಗಾಗ ಮೇಲೆತ್ತಿ, ಏನೇನು ಅಂಟಿದೆ ಎಂದು ಒಂದೊಂದಾಗಿ ಎಣಿಸುತ್ತಾರೆ. ಈಗ ಒಂದು ಬಾಟಲಿ ಸಮುದ್ರದ ನೀರು ತುಂಬಿಕೊಂಡು, ಅದರಲ್ಲಿರುವ ಜೀವಿಗಳ ಡಿಎನ್ಎಯಿಂದಲೂ ಪತ್ತೆ ಹಚ್ಚುತ್ತಾರೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಬ್ಯಾಲಾಸ್ಟ್ ನೀರಿನ ಮೇಲೆ ವರ್ಷಗಳಿಂದ ಕೆಲಸ ಮಾಡಿದ್ದಾರೆ. ಸದ್ದಿಲ್ಲದ ಈ ಎಣಿಕೆಗೆ ಇನ್ನೂ ಜಾಸ್ತಿ ಹಣ, ಜನ ಸಿಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬ್ಯಾಲಾಸ್ಟ್ ನೀರಿನ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ಆಯಿತು. ಜಾರಿಗೆ ಬರಲು 2017 ಆಯಿತು. ಅದರ ಪ್ರಕಾರ ಹಡಗಿನಲ್ಲೇ ನೀರನ್ನು ಸಂಸ್ಕರಿಸಿ, ಜೀವಿಗಳನ್ನು ಕೊಂದ ಮೇಲೆಯೇ ಹೊರಗೆ ಬಿಡಬೇಕು. ನಮ್ಮ ಅದಿರಿನ ರಫ್ತಿಗೆ 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಅನುಮತಿ ಕೊಟ್ಟಿದೆ. ಅದಿರು ಒಯ್ಯಲು ಬಂದ ಹಡಗು ಎಂಥ ನೀರು ಬಿಟ್ಟು ಹೋಯಿತು ಎಂದು ಕೇಳುವ ಹಕ್ಕು ನಮಗೂ ಇದೆ, ಅಲ್ವಾ?

ತುಂಗಭದ್ರೆ ಬಗ್ಗೆ ಖಂಡಿತ ಬರೆಯುತ್ತೇವೆ. ಸಮುದ್ರದ ಪುಟವನ್ನು ಮಾತ್ರ ತೆಗೆಯುವುದಿಲ್ಲ.

– ಸಂಪಾದಕ