ಹತ್ತಿರದ ಔಷಧಿ ಅಂಗಡಿ ಹುಡುಕಲು ಕೆ-ಡಿ ಟ್ರೀ ಬರೆಯಬೇಕಾ, ಕ್ವಾಡ್‌ಟ್ರೀನಾ?

ಎರಡೂ ಬೇಡ. ಎರಡೂ ನಕ್ಷೆಯ ಬಿಂದುಗಳನ್ನು ಭಾಗ ಮಾಡುತ್ತಾ ಹೋಗಿ ಬೇಗ ಹುಡುಕುವ ರಚನೆಗಳು. ಪೋಸ್ಟ್‌ಜಿಐಎಸ್ (ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ನಕ್ಷೆಯ ಜಾಗಗಳನ್ನು ಹುಡುಕಲು ಇರುವ ಸೇರ್ಪಡೆ) ಕ್ವೆರಿ ನಿಧಾನ, ಅದಕ್ಕೆ ಟ್ರೀನೇ ಬರೆದುಬಿಡ್ತೀನಿ ಅಂತ ಹೊರಟಿದ್ದೀರಿ. ನಾನೂ ಹೀಗೇ ಹೊರಟವನು.

ಆಗ ಒಂದು ಡೆಲಿವರಿ ಕಂಪನಿಯಲ್ಲಿದ್ದೆ. ಆರ್ಡರ್ ಬಂದ ಜಾಗದಿಂದ 500 ಮೀಟರ್ ಒಳಗೆ ಯಾವ ಹುಡುಗರಿದ್ದಾರೆ ಅಂತ ಹುಡುಕಬೇಕಿತ್ತು. ಟೇಬಲ್ ದೊಡ್ಡದಾದ ಹಾಗೆ ಕ್ವೆರಿ ತೆವಳತೊಡಗಿತು. ಜಿಸ್ಟ್ ಇಂಡೆಕ್ಸ್ (ಜಾಗ ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಹಾಕಿಯಾಗಿದೆ, ಇನ್ನೇನು ಉಳಿದಿದೆ ಅಂದುಕೊಂಡು ಕೆ-ಡಿ ಟ್ರೀ ಬರೆಯಲು ಕೂತೆ. ಕಂಪ್ಯೂಟರ್ ವಿಜ್ಞಾನಿ ಜಾನ್ ಬೆಂಟ್ಲಿ 1975ರಲ್ಲಿ ಕೊಟ್ಟ ಐಡಿಯಾ, ಬರೆಯೋಕೆ ಮಜಾ ಇದೆ. ಒಂದು ಹಂತದಲ್ಲಿ ರೇಖಾಂಶ ನೋಡಿ ಎರಡು ಭಾಗ ಮಾಡು, ಮುಂದಿನ ಹಂತದಲ್ಲಿ ಅಕ್ಷಾಂಶ ನೋಡಿ. ಆದರೆ ಹುಡುಗರು ಬೈಕ್ ಮೇಲೆ ಓಡಾಡ್ತಾನೇ ಇರ್ತಾರಲ್ವಾ? ಬಿಂದು ಸರಿದಾಗಲೆಲ್ಲ ತೆಗೆದು ಸೇರಿಸುತ್ತಾ ಹೋದರೆ ಟ್ರೀ ಒಂದು ಕಡೆಗೆ ವಾಲುತ್ತದೆ. ಮತ್ತೆ ಮೊದಲಿಂದ ಕಟ್ಟಬೇಕು. ಕಟ್ಟುವಷ್ಟರಲ್ಲಿ ಹುಡುಗ ಮುಂದಿನ ಸಿಗ್ನಲ್ ದಾಟಿರುತ್ತಾನೆ.

ಇಷ್ಟಕ್ಕೆಲ್ಲ ಕಾರಣ ಒಂದೇ ಸಾಲು. ಕ್ವೆರಿಯ ವೇರ್ (ಷರತ್ತು ಬರೆಯುವ) ಭಾಗದಲ್ಲಿ 'ಎಸ್‌ಟಿ_ಡಿಸ್ಟೆನ್ಸ್ 500ಕ್ಕಿಂತ ಕಡಿಮೆ' ಅಂತ ಬರೆದಿದ್ದೆ. ಇದನ್ನು ಬಿಡಿಸಿಯೇ ಹೇಳುತ್ತೇನೆ. ಆ ಇಂಡೆಕ್ಸ್ ಒಳಗಿರುವುದು ಆರ್-ಟ್ರೀ ಥರದ್ದು: ದೊಡ್ಡ ಚೌಕ, ಅದರೊಳಗೆ ಸಣ್ಣ ಚೌಕಗಳು. ದೂರ ಅಲ್ಲಿ ಎಲ್ಲೂ ಬರೆದಿರುವುದಿಲ್ಲ. ಹಾಗಾಗಿ ದೂರ ಕೇಳಿದರೆ ಡೇಟಾಬೇಸ್ ಒಂದೊಂದು ಸಾಲಿಗೂ ಲೆಕ್ಕ ಹಾಕುತ್ತದೆ. ಹುಬ್ಬಳ್ಳಿಯ ಆರ್ಡರ್‌ಗೆ ಮೈಸೂರಿನ ಹುಡುಗನ ದೂರವನ್ನೂ! ಲೆಕ್ಕ ಹಾಕಿ ಆಮೇಲೆ ಬಿಸಾಕುತ್ತದೆ. ಇಂಡೆಕ್ಸ್ ಸುಮ್ನೆ ಕೂತಿರುತ್ತದೆ. ಅದೇ 'ಎಸ್‌ಟಿ_ಡಿವಿದಿನ್' (ಇಷ್ಟು ದೂರದೊಳಗೆ ಇದೆಯಾ ಅಂತ ಕೇಳುವ ಫಂಕ್ಷನ್) ಬರೆದರೆ, ಮೊದಲು ಬಿಂದುವಿನ ಸುತ್ತ 500 ಮೀಟರ್ ಹಿಡಿಯುವಷ್ಟು ಚೌಕ ಹಾಕಿಕೊಂಡು, ಅದಕ್ಕೆ ತಾಗದ ಚೌಕಗಳ ಒಳಗೆ ಇಣುಕುವುದೇ ಇಲ್ಲ. ಉಳಿದ ನಾಲ್ಕಾರು ಸಾಲಿಗಷ್ಟೇ ನಿಜವಾದ ದೂರ. ಉತ್ತರ ಎರಡರಲ್ಲೂ ಒಂದೇ ಬರುತ್ತದೆ. ಅದಕ್ಕೇ ನನ್ನ ಟೆಸ್ಟ್‌ಗಳೆಲ್ಲ ಪಾಸಾಗಿದ್ದವು.

ಜಾಗ ಇಡುವ ಕಾಲಂ ಜಿಯಾಗ್ರಫಿ ಟೈಪ್‌ನಲ್ಲೇ ಇರಲಿ, ಅದು ದೂರವನ್ನು ಮೀಟರ್‌ನಲ್ಲಿ ಅಳೆಯುತ್ತದೆ. 4326ರ (ಅಕ್ಷಾಂಶ-ರೇಖಾಂಶವನ್ನು ಡಿಗ್ರಿಯಲ್ಲಿ ಇಡುವ ಪದ್ಧತಿಯ ಸಂಖ್ಯೆ) ಜಿಯಾಮೆಟ್ರಿ ಇಟ್ಟುಕೊಂಡು 500 ಕೊಟ್ಟರೆ ಅದು ಮೀಟರ್ ಅಲ್ಲ, ಡಿಗ್ರಿ. ಇಡೀ ಭೂಮಿಯೇ ಒಳಗೆ ಬಂದುಬಿಡುತ್ತದೆ.

ಹತ್ತಿರದ ಐದು ಅಂಗಡಿ ಸಾಕು ಅಂದರೆ ಆರ್ಡರ್ ಬೈನಲ್ಲಿ (ಸಾಲುಗಳನ್ನು ಜೋಡಿಸುವ ಭಾಗದಲ್ಲಿ) ದೂರದ ಚಿಹ್ನೆ <-> ಹಾಕಿ, ಲಿಮಿಟ್ 5 ಕೊಡಿ. ನಿಮ್ಮ ಅಂಗಡಿಗಳು ಜಾಗ ಬಿಟ್ಟು ಕದಲುವುದೂ ಇಲ್ಲ, ನನಗಿಂತ ನೀವು ಪುಣ್ಯವಂತರು. ಕಲಿಯೋಕೆ ಬೇಕಿದ್ದರೆ ಕೆ-ಡಿ ಟ್ರೀ ಬರೆಯಿರಿ, ಪ್ರೊಡಕ್ಷನ್‌ಗೆ ಮಾತ್ರ ತರಬೇಡಿ. ಈಗ ಕ್ವೆರಿ ಮುಂದೆ ಎಕ್ಸ್‌ಪ್ಲೇನ್ ಹಾಕಿ ಓಡಿಸಿ, ಡೇಟಾಬೇಸ್ ಹೇಗೆ ಹುಡುಕುತ್ತದೆ ಅಂತ ಅದು ತೋರಿಸುತ್ತದೆ. ಸೀಕ್ವೆನ್ಶಿಯಲ್ ಸ್ಕ್ಯಾನ್ (ಎಲ್ಲ ಸಾಲನ್ನೂ ಒಂದೊಂದಾಗಿ ಓದುವುದು) ಅಂತ ಬಂದರೆ ಆ ವೇರ್ ಸಾಲನ್ನು ಇಲ್ಲಿ ಹಾಕಿ, ನೋಡೋಣ.