ರಿವರ್ಸ್ ಭುಜದ ಕೀಲು ಬದಲಾವಣೆಯ ನಂತರ ಏನನ್ನು ನಿರೀಕ್ಷಿಸಬಹುದು?

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಬಳಿ ಹಸು ಸಾಕಿಕೊಂಡಿರುವ, 72 ವರ್ಷದ ನಿಮ್ಮ ತಾಯಿಯವರು ಈ ಶಸ್ತ್ರಚಿಕಿತ್ಸೆಯ ಬಳಿಕ ಮೊದಲಿನಂತೆ ಕೆಲಸ ಮಾಡಬಲ್ಲರೇ ಎಂದು ಕೇಳಿದ್ದೀರಿ. ನೋವಿನ ಮಟ್ಟಿಗೆ ಭರವಸೆಯಿಂದಲೇ ಹೇಳಬಹುದು: ನೋಯುವ ಭುಜದ ಮಗ್ಗುಲಿಗೆ ಮಲಗಲು ಬಿಡದ ರಾತ್ರಿಯ ನೋವು ಬಹುಪಾಲು ರೋಗಿಗಳಲ್ಲಿ ಗಣನೀಯವಾಗಿ ತಗ್ಗುತ್ತದೆ.

ಕೀಲಿನ ಚೆಂಡು ಮತ್ತು ಬಟ್ಟಲುಗಳ ಸ್ಥಾನವನ್ನು ಅದಲುಬದಲು ಮಾಡುವ ಈ ವಿಧಾನದಲ್ಲಿ, ಹರಿದುಹೋದ ರೊಟೇಟರ್ ಕಫ್ (ಭುಜದ ಕೀಲನ್ನು ಸುತ್ತುವರಿದ) ಸ್ನಾಯುಗಳ ಕೆಲಸವನ್ನು ಹೊರಭಾಗದ ಡೆಲ್ಟಾಯ್ಡ್ ಸ್ನಾಯು ವಹಿಸಿಕೊಳ್ಳುವುದರಿಂದ, ಹೆಗಲ ಮಟ್ಟಕ್ಕೂ ಏಳದಿದ್ದ ಕೈ ಸಾಮಾನ್ಯವಾಗಿ 120ರಿಂದ 140 ಡಿಗ್ರಿಯವರೆಗೆ ಮೇಲೇಳುತ್ತದೆ. ತಲೆ ಬಾಚಿಕೊಳ್ಳಲು ಅಷ್ಟು ಸಾಕು. ಆದರೆ ಕೈಯನ್ನು ಬೆನ್ನ ಹಿಂದಕ್ಕೆ ಒಯ್ಯುವ ಚಲನೆ ಅಷ್ಟಾಗಿ ಮರಳುವುದಿಲ್ಲ. ಸೀರೆಯನ್ನು ಹಿಂಬದಿಯಲ್ಲಿ ಸೊಂಟಕ್ಕೆ ಸಿಕ್ಕಿಸುವುದು, ಎಡಭುಜವಾದರೆ ಶೌಚದ ನಂತರ ಶುಚಿ ಮಾಡಿಕೊಳ್ಳುವುದು ಕಷ್ಟವಾಗಬಹುದು. ಹೇಳಿಕೊಳ್ಳಲು ಸಂಕೋಚಪಡುವ ವಿಷಯವಾದ್ದರಿಂದ, ಇದನ್ನು ವೈದ್ಯರೊಡನೆ ನೀವೇ ಮುಂಚಿತವಾಗಿ ಪ್ರಸ್ತಾಪಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಸಾಮಾನ್ಯವಾಗಿ 4ರಿಂದ 6 ವಾರ ಕೈಯನ್ನು ಜೋಲಿಯಲ್ಲಿ ಇರಿಸಬೇಕಾಗುತ್ತದೆ. ಫಿಸಿಯೋಥೆರಪಿಯೊಂದಿಗೆ ಸುಧಾರಣೆ ಸುಮಾರು ಒಂದು ವರ್ಷದವರೆಗೂ ಮುಂದುವರಿಯುತ್ತದೆ. 10 ವರ್ಷಗಳ ನಂತರವೂ 10ರಲ್ಲಿ ಸುಮಾರು 9 ಮಂದಿಗೆ ಅದೇ ಕೃತಕ ಕೀಲು ಉಳಿದಿರುತ್ತದೆ. ಸೋಂಕು, ಕೀಲು ಜಾರುವುದು, ಹೆಗಲ ತುದಿಯ ಮೂಳೆಯಲ್ಲಿ ಬಿರುಕು ಕೆಲವರಲ್ಲಿ ಕಾಣಿಸಿಕೊಳ್ಳುತ್ತವೆ. ಮಧುಮೇಹವಿದ್ದರೆ ಸಕ್ಕರೆಯ ಮಟ್ಟವನ್ನು ಮೊದಲೇ ಹತೋಟಿಗೆ ತರಬೇಕು.

ಚೇತರಿಸಿಕೊಂಡ ಮೇಲೆ, ವೈದ್ಯರು ಒಪ್ಪಿದರೆ, ಅವರು ಹಾಲು ಕರೆಯಬಹುದು. ಡೇರಿಗೆ ಒಯ್ಯುವ ತುಂಬಿದ ಕ್ಯಾನನ್ನು ಎತ್ತುವ ಕೆಲಸವನ್ನು ಮಾತ್ರ ಮನೆಯ ಬೇರೆಯವರು ಶಾಶ್ವತವಾಗಿ ವಹಿಸಿಕೊಳ್ಳಬೇಕು.