ಕುಂಬಳಕಾಯಿಗೆ ಬಿದ್ದ ಉಂಗುರಕ್ಕೆ ಔಷಧಿ ಹುಡುಕಬೇಡಿ, ಮೊದಲು ನೀರು ನೋಡಿ

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂತು. ಕಾಯಿಯ ಹೂವಿನ ತುದಿಯ ಸುತ್ತ, ಅಂದ್ರೆ ತೊಟ್ಟಿನ ಎದುರು ಕಡೆ, ಉಂಗುರದ ಹಾಗೆ ಗೆರೆ ಬಿದ್ದಿದೆ, ಫಲಪುಷ್ಪ ಪ್ರದರ್ಶನಕ್ಕೆ ಇನ್ನೂ ದಿನ ಇದೆ, ಒಡೆಯದ ಹಾಗೆ ಏನು ಹಚ್ಚಬೇಕು, ತೂಕ ಬರೋಕೆ ಯಾವ ಗೊಬ್ಬರ ಹಾಕಬೇಕು ಅಂತ ಕೇಳಿದ್ದೀರಿ. ಇದೇ ಗೆರೆ ನನ್ನ ಕಾಯಿಗೂ ಬಿದ್ದಿತ್ತು. ತೂಕದ ಆಸೆಯೂ ಇಷ್ಟೇ ಇತ್ತು.

ನಮ್ಮದು ಹೊಳಲ್ಕೆರೆ ಕಡೆ. ಕೆಂಪು ಮಣ್ಣು, ಬೋರಿನ ನೀರು. ಅಡಿಕೆ ತೋಟದ ಪಕ್ಕದ ಖಾಲಿ ಜಾಗದಲ್ಲಿ ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಹಾಕಿ, ಅಟ್ಲಾಂಟಿಕ್ ಜೈಂಟ್ ಬೀಜ ಊರಿದ್ದೆ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹೊವಾರ್ಡ್ ಡಿಲ್ ಅನ್ನೋ ರೈತರು ವರ್ಷಗಟ್ಟಲೆ ಆರಿಸಿ ಆರಿಸಿ ಮಾಡಿದ ತಳಿ ಅದು. ದಾಖಲೆ ಮಾಡೋ ಕಾಯಿಗಳೆಲ್ಲ ಅದೇ ವಂಶದವು. 2014ರಲ್ಲಿ ಸ್ವಿಟ್ಜರ್ಲೆಂಡಿನ ಬೆನಿ ಮೈಯರ್ ಅವರ ಕಾಯಿ 1,054 ಕೆ.ಜಿ. ತೂಗಿತ್ತು. 2025ರಲ್ಲಿ ಇಂಗ್ಲೆಂಡಿನ ಪೇಟನ್ ಸಹೋದರರ ಕಾಯಿ 1,278 ಕೆ.ಜಿ. ದಾಟಿತು. ನಮ್ಮ ಬಿಸಿಲಲ್ಲಿ ಅಷ್ಟು ಬರಲ್ಲ. ಆದರೆ ಮೂರು ಜನ ಸೇರಿ ಎತ್ತುವಂಥ ಕಾಯಿ ಬರುತ್ತೆ. ನನಗೆ ಬಂದಿತ್ತು.

ಅದು ಹೋಗಿದ್ದು ಒಂದೇ ರಾತ್ರಿಯಲ್ಲಿ. ನೀವು ಅದನ್ನೇ ಮಾಡೋ ಹಂಗೆ ಕಾಣ್ತಿದೆ, ಅದಕ್ಕೇ ಸ್ವಲ್ಪ ಉದ್ದ ಹೇಳ್ತೀನಿ.

ಕಾಯಿ ಜೋರಾಗಿ ಊದ್ತಾ ಇದ್ದ ಹೊತ್ತಿಗೇ ಮಳೆ ಕೈಕೊಡ್ತು. ಮೋಟರ್ ಸುಟ್ಟು ವೈಂಡಿಂಗ್‌ಗೆ ಹೋಯ್ತು. ಅಂಗಡಿಯವರು ಇವತ್ತು ನಾಳೆ ಅಂತ ತಳ್ತಾ ಬಂದರು. ಮಧ್ಯಾಹ್ನ ಆದರೆ ಎಲೆ ಎಲ್ಲ ಜೋತು ಬೀಳೋದು. ನಾವು ಬಿಂದಿಗೆಯಲ್ಲಿ ಹೊತ್ತು ಹಾಕಿದ ನೀರು ಬುಡಕ್ಕೂ ಸಾಲಲಿಲ್ಲ. ಎಲೆಯ ನೆರಳೂ ಇಲ್ಲದೆ ಕಾಯಿಗೆ ನೇರ ಬಿಸಿಲು ಬಡೀತು. ಮೊದಲು ಉಗುರು ಒತ್ತಿದರೆ ಗುರುತು ಬೀಳ್ತಿದ್ದ ಸಿಪ್ಪೆ ಗಟ್ಟಿ ಆಯ್ತು, ಹೊಳಪೂ ಹೋಯ್ತು. ಹೂವಿನ ತುದಿಯ ಸುತ್ತ ಗೆರೆ ಕಂಡಿದ್ದು ಆಗಲೇ. ಗೆರೆಯ ಒಳಗಡೆ ಬಣ್ಣ ತಿಳಿಯಾಗಿತ್ತು, ಹತ್ತಿರ ಹೋಗಿ ನೋಡಿದರೆ ಸಣ್ಣ ಸಣ್ಣ ಎಳೆ ಬಿಟ್ಟ ಹಾಗಿತ್ತು.

ಮೋಟರ್ ಬಂದ ದಿನ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿ. ಇಷ್ಟು ದಿನ ಬಾಯಾರಿದೆ, ಹೊಟ್ಟೆ ತುಂಬ ಕುಡೀಲಿ ಅಂತ ಸ್ಟಾರ್ಟರ್ ಹಾಕಿ ಮಲಗಿದೆ. ಮಲಗೋ ಮುಂಚೆ ಬುಡಕ್ಕೆ ಒಂದಿಷ್ಟು ಯೂರಿಯಾ ಬೇರೆ ಹಾಕಿದ್ದೆ. ಬೆಳಗ್ಗೆ ಹೋಗುವಷ್ಟರಲ್ಲಿ ಮಡಿ ತುಂಬಿ ಹೊರಗೆ ಹರೀತಿತ್ತು. ಗೆರೆ ಇದ್ದ ಜಾಗದಲ್ಲಿ ಕೈಯಗಲ ಸೀಳು ಬಿಟ್ಟಿತ್ತು. ಅಂಚಲ್ಲಿ ನೀರಿನ ಹನಿ ಮುತ್ತುಗಟ್ಟಿ ನಿಂತಿದ್ದವು. ಇರುವೆ ಸಾಲು ಸೀದಾ ಒಳಗೆ ಹೋಗ್ತಾ ಇತ್ತು. ಸೀಳು ಬೀಜದ ಗೂಡಿನ ತನಕ ಮುಟ್ಟಿತ್ತು. ನಮ್ಮವ್ವ ಬಂದು ನೋಡಿ ಏನೂ ಮಾತಾಡಲಿಲ್ಲ, ಕುಡುಗೋಲು ತರೋಕೆ ಒಳಗೆ ಹೋದಳು.

ಒಡೆದಿದ್ದು ಯಾಕೆ ಅಂದ್ರೆ, ಕಾಯಿ ಒಂದೇ ಅಳತೆಯಲ್ಲಿ ಬೆಳೀತಿದ್ದರೆ ಸಿಪ್ಪೆಯೂ ತಿರುಳಿನ ಜೊತೆ ಜೊತೆಗೇ ಹಿಗ್ಗುತ್ತೆ. ನೀರು ನಿಂತು ಬಿಸಿಲು ಬಡಿದರೆ ಸಿಪ್ಪೆ ಬಲಿಯುತ್ತೆ, ಹಿಗ್ಗೋ ಗುಣ ಹೋಗುತ್ತೆ. ಆಮೇಲೆ ಒಮ್ಮೆಗೇ ನೀರು ಕೊಟ್ಟರೆ ಬೇರು ಎಳೆದುಕೊಂಡಿದ್ದೆಲ್ಲ ಕಾಯಿಗೆ ನುಗ್ಗುತ್ತೆ. ತಿರುಳು ಊದುತ್ತೆ, ಸಿಪ್ಪೆ ಊದಲ್ಲ. ಸರಿಯಾಗಿ ನಾದದ ಜೋಳದ ಹಿಟ್ಟು ತಟ್ಟಿದರೆ ರೊಟ್ಟಿ ಅಂಚು ಸೀಳುತ್ತಲ್ಲ, ಹಂಗೇ. ಎಲ್ಲಿ ಮೊದಲೇ ತೆಳುವಾಗಿದೆಯೋ ಅಲ್ಲೇ ಬಿಡುತ್ತೆ. ಈ ತಳಿಯಲ್ಲಿ ಆ ಜಾಗ ಹೂವಿನ ತುದಿಯ ಉಂಗುರ. ವಿದೇಶದ ಬೆಳೆಗಾರರು ಇದಕ್ಕೆ ಡಿಲ್ ರಿಂಗ್ ಅಂತಾರೆ. ಯೂರಿಯಾ ಅದೇ ಬೆಂಕಿಗೆ ತುಪ್ಪ ಸುರೀತು. ಸಾರಜನಕ ಕೊಟ್ಟರೆ ಬಳ್ಳಿ ಸೊಕ್ಕುತ್ತೆ, ಸಿಪ್ಪೆಗೆ ಬಲ ಬರಲ್ಲ. ಆ ದಿನ ಒಂದು ಗಂಟೆ ಮಾತ್ರ ಬಿಟ್ಟು, ಮಾರನೇ ದಿನ ಇನ್ನೊಂದು ಗಂಟೆ ಬಿಟ್ಟಿದ್ದರೆ ಕಾಯಿ ಉಳೀತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತೆ.

ಹಂಗಾಗಿ ಏನು ಹಚ್ಚಬೇಕು ಅನ್ನೋ ಪ್ರಶ್ನೆಯನ್ನೇ ಬಿಡಿ. ಮೇಣ, ಸುಣ್ಣ, ಅಂಟು, ಯಾವುದೂ ಒಳಗಿನ ಒತ್ತಡ ತಡೆಯಲ್ಲ. ಸಿಪ್ಪೆ ಮೇಲಷ್ಟೇ ಸೀಳಿದ್ದರೆ ಅದನ್ನು ಒಣಗಿಸಿ, ಕೊಳೆಯದ ಹಾಗೆ ಕ್ಯಾಪ್ಟಾನ್ ಥರದ ಶಿಲೀಂಧ್ರನಾಶಕ ಹಚ್ಚುತ್ತಾರೆ. ಅದು ಕೊಳೆ ತಡೆಯೋಕೆ ಮಾತ್ರ, ಬೆಸುಗೆ ಅಲ್ಲ. ಹಾಗೆ ಹಚ್ಚಿದ ಕಾಯಿಯನ್ನು ಅಡುಗೆಗೆ ಬಳಸಬೇಡಿ. ಗೊಬ್ಬರ ಇವತ್ತೇ ನಿಲ್ಲಿಸಿ. ಗೆರೆ ಬಿದ್ದ ಕಾಯಿಗೆ ಇನ್ನಷ್ಟು ತೂಕ ಬರಿಸ್ತೀನಿ ಅನ್ನೋದು ತಪ್ಪು ಲೆಕ್ಕ. ದೊಡ್ಡ ಸ್ಪರ್ಧೆಗಳನ್ನು ನೋಡಿಕೊಳ್ಳುವ ಗ್ರೇಟ್ ಪಂಪ್‌ಕಿನ್ ಕಾಮನ್‌ವೆಲ್ತ್ ನಿಯಮದಲ್ಲಿ, ಬೀಜದ ಗೂಡಿಗೆ ತೂತು ಅಥವಾ ಸೀಳು ಮುಟ್ಟಿದ್ದರೆ ಎಷ್ಟೇ ತೂಗಲಿ, ಸ್ಪರ್ಧೆಯಿಂದ ಹೊರಗೆ. ನಿಮ್ಮ ಪ್ರದರ್ಶನದಲ್ಲಿ ನಿಯಮ ಏನು ಅಂತ ತೋಟಗಾರಿಕೆ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ.

ನೀರು ದಿನಾ ಅಷ್ಟಷ್ಟೇ ಕೊಡಿ, ಡ್ರಿಪ್ ಇದ್ದರೆ ಒಳ್ಳೇದು. ನೀವು ದಾವಣಗೆರೆ ಕಡೆ ಭದ್ರಾ ನಾಲೆಯವರಾದರೆ, ನಾಲೆ ಬಂದ ದಿನ ಮಡಿ ತುಂಬಿಸೋ ಅಭ್ಯಾಸ ಇರುತ್ತೆ. ಭತ್ತಕ್ಕೆ ಅದು ಸರಿ, ಇದಕ್ಕೆ ಆಗಲ್ಲ. ಎರೆ ಮಣ್ಣಾದರೆ ಇನ್ನೂ ಹುಷಾರು. ಅದು ನೀರು ಹಿಡಿದಿಟ್ಟುಕೊಂಡು ಕಾಯಿಯ ಅಡಿ ಕೊಳೆಸುತ್ತೆ. ಕಾಯಿ ಕೆಳಗೆ ಮರಳು ಹಾಸಿ, ಮೇಲೆ ಶೇಡ್ ನೆಟ್ಟೋ ಹಳೇ ಬಿಳಿ ಪಂಚೆಯೋ ಕಟ್ಟಿ. ಸಿಪ್ಪೆ ಎಳಸಾಗಿ ಉಳಿದಷ್ಟೂ ಹಿಗ್ಗುತ್ತೆ.

ತೊಟ್ಟಿನ ಕಡೆಯೂ ಒಮ್ಮೆ ನೋಡಿ. ಕಾಯಿ ದಪ್ಪ ಆದ ಹಾಗೆ ಅದರ ಭುಜ ಮೇಲೇಳುತ್ತೆ, ತೊಟ್ಟನ್ನೂ ಎತ್ತುತ್ತೆ. ಆದರೆ ಅಕ್ಕಪಕ್ಕದ ಗಿಣ್ಣುಗಳಲ್ಲಿ ಬಳ್ಳಿ ಬೇರು ಬಿಟ್ಟು ನೆಲ ಕಚ್ಚಿರುತ್ತೆ. ಮೇಲಕ್ಕೂ ಕೆಳಕ್ಕೂ ಎಳೆದಾಟ ಆಗಿ ತೊಟ್ಟಿನ ಬುಡ ಸೀಳುತ್ತೆ. ಕಾಯಿಯ ಹತ್ತಿರದ ಒಂದೆರಡು ಗಿಣ್ಣಿನ ಬೇರು ನಿಧಾನವಾಗಿ ಬಿಡಿಸಿ, ಬಳ್ಳಿ ಸಡಿಲ ಆಗಲಿ. ದೂರದ ಗಿಣ್ಣುಗಳ ಬೇರು ಮುಟ್ಟಬೇಡಿ, ಅವು ಕಾಯಿಗೆ ಊಟ ತರೋವು.

ಹಣ್ಣು ನೊಣದ ಬಗ್ಗೆ ನೀವು ಕೇಳಿಲ್ಲ. ಆದರೆ ನಮ್ಮ ಕಡೆ ಅರ್ಧ ಕಾಯಿ ಸೊಟ್ಟ ಆಗೋದು ಅದರಿಂದಲೇ. ಮಿಡಿ ಇದ್ದಾಗ ಚುಚ್ಚಿ ಮೊಟ್ಟೆ ಇಟ್ಟರೆ ಆ ಜಾಗ ಬೆಳೆಯಲ್ಲ, ಕಾಯಿ ಅತ್ತ ಕಡೆ ಬಾಗುತ್ತೆ, ಒಳಗೆ ಹುಳ ಕೊಳೆಸ್ತಾ ಹೋಗುತ್ತೆ. ಮುಂದಿನ ಸಲ ಕೈಯಿಂದ ಪರಾಗ ಮುಟ್ಟಿಸಿದ ದಿನವೇ ಮಿಡಿಗೆ ತೆಳು ಬಟ್ಟೆ ಚೀಲ ಕಟ್ಟಿ, ಅಲ್ಲಲ್ಲಿ ಮೋಹಕ ಬಲೆ, ಅಂದ್ರೆ ವಾಸನೆಗೆ ನೊಣ ಬಂದು ಸಿಕ್ಕಿಬೀಳೋ ಬಲೆ, ಇಡಿ. ಆಗ ಒಂದು ಬಳ್ಳಿಗೆ ಒಂದೇ ಕಾಯಿ ಬಿಡಿ. ಎಲ್ಲಕ್ಕಿಂತ ದೊಡ್ಡ ಮಿಡಿಯನ್ನೇ ಉಳಿಸಬೇಕು ಅಂತ ಹಟ ಬೇಡ. ದುಂಡಗಿರುವ, ಬಳ್ಳಿಗೆ ಅಡ್ಡಲಾಗಿ ಕೂತಿರುವ ಮಿಡಿ ಉಳಿಸಿ.

ಈಗಿರೋ ಕಾಯಿಗೆ ಇಷ್ಟು ಮಾಡಿ. ಉಂಗುರದ ಎರಡೂ ಬದಿ ಸ್ಕೆಚ್ ಪೆನ್ನಲ್ಲಿ ಚುಕ್ಕೆ ಇಡಿ. ದಿನಾ ಬೆಳಗ್ಗೆ ಚುಕ್ಕೆಗಳ ನಡುವೆ ಟೇಪ್ ಹಿಡಿಯಿರಿ. ಆ ಅಂತರ ಹಾಗೇ ಇದ್ದರೆ ಪ್ರದರ್ಶನದ ತನಕ ಬಳ್ಳಿಯಲ್ಲೇ ಇರಲಿ. ಅಗಲ ಆಗ್ತಾ ಹೋದರೆ ನೀರು ಅರ್ಧಕ್ಕೆ ಇಳಿಸಿ. ಆಮೇಲೂ ನಿಲ್ಲದಿದ್ದರೆ ತೊಟ್ಟು ಉದ್ದ ಬಿಟ್ಟು ಕೊಯ್ದು, ಗಾಳಿ ಆಡುವ ನೆರಳಲ್ಲಿ ಇಡಿ. ತೂಕ ಸ್ವಲ್ಪ ಇಳಿಯುತ್ತೆ, ಆದರೆ ಇಡೀ ಕಾಯಿ ಉಳಿಯುತ್ತೆ. ಸಾಗಿಸುವಾಗ ತೊಟ್ಟು ಹಿಡಿದು ಎತ್ತಬೇಡಿ. ದಪ್ಪ ಗೋಣಿಚೀಲ ಅಡಿಗೆ ತೂರಿಸಿ ನಾಲ್ಕು ಮೂಲೆ ಹಿಡಿದು ಎತ್ತಿ. ಗಾಡಿಯಲ್ಲಿ ಹುಲ್ಲು ದಪ್ಪಗೆ ಹಾಸಿ, ಉಂಗುರ ಇರುವ ಕಡೆ ಯಾವುದಕ್ಕೂ ತಾಗದ ಹಾಗೆ ಕೂರಿಸಿ.